ಒರೆಸಿದರೂ ಹೋಗದ ಬಿಳಿ ಗೆರೆ

ಹೊಸಪೇಟೆ,
ವಿಜಯದಶಮಿಯ ಮರುದಿನ

ಸೈಕ್ಲಿಂಗ್ ತರಬೇತುದಾರ ಲಿಂಗರಾಜ್ ಅವರಿಗೆ ನಮಸ್ಕಾರ.

ಆಯುಧ ಪೂಜೆಗೆಂದು ಮೊಮ್ಮಗಳು ಗಂಗೋತ್ರಿ ತನ್ನ ರೇಸ್ ಸೈಕಲ್ಲಿನ ಕಾರ್ಬನ್ ಚಕ್ರಗಳಿಗೆ ವಿಭೂತಿ ಬಳಿದಿದ್ದಳು. ಇಂದು ಬೆಳಿಗ್ಗೆ ನಾನು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮುಂದಿನ ಚಕ್ರದ ಮೇಲೆ ಒಂದು ಬಿಳಿ ಗೆರೆ ಮಾತ್ರ ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದರೆ ಅದು ಬಿರುಕು. ಒಳಗೆ ವಿಭೂತಿ ತುಂಬಿಕೊಂಡಿತ್ತು. ಹಬ್ಬದ ಹಿಂದಿನ ದಿನವಷ್ಟೇ ಆಕೆ ಇದೇ ಚಕ್ರದಲ್ಲಿ ಸಂಡೂರಿನ ಘಾಟಿ ಇಳಿದು ಬಂದಿದ್ದಾಳೆ.

ಕೇಳಿದರೆ, "ಸರ್‌ಗೆ ಗೊತ್ತೈತಿ ತಾತ. ಲಾರಿ ಫೈಬರ್ ಬಂಪರ್ ಅಂಟಿಸೋರ ಹತ್ರ ಅಂಟು ಹಾಕಿಸಿದ್ರಾತು, ಭಾನುವಾರದ ಆಯ್ಕೆ ರೇಸ್ ಮುಗೀಲಿ, ಹೊಸಾದು ಆಮ್ಯಾಲೆ ನೋಡೋಣು ಅಂದಾರ" ಎಂದಳು.

ಗೊತ್ತಿದ್ದೂ ಓಡಿಸಿದಿರಾ? ತೊಂಬತ್ತನಾಲ್ಕರಲ್ಲಿ ನಿಮ್ಮ ಜೊತೆ ರೇಸ್ ಓಡಿಸುತ್ತಿದ್ದ ಪಾಲಪ್ಪ ಹೀಗೇ ಸೀಳಿದ ರಿಮ್ಮಿಗೆ ಬೆಸುಗೆ ಹಾಕಿಸಿ, ಕಮಲಾಪುರದ ಇಳಿಜಾರಿನಲ್ಲಿ ಬಿದ್ದ. ಆತನನ್ನು ಆಸ್ಪತ್ರೆಗೆ ಹೊತ್ತು ತಂದವರು ನೀವು. ಆತನ ಬಲಗೈ ಇಂದಿಗೂ ಮೇಲೇಳುವುದಿಲ್ಲ. ನಾನೇ ಮರೆತಿಲ್ಲ, ನೀವು ಹೇಗೆ ಮರೆತಿರಿ?

ಕಬ್ಬಿಣ ಕೊಯ್ಯುವ ಗರಗಸದಿಂದ ಆ ಚಕ್ರವನ್ನು ಎರಡು ತುಂಡು ಮಾಡಿದ್ದೇನೆ. ದುರಸ್ತಿಯ ಪ್ರಶ್ನೆ ಮುಗಿಯಿತು. "ನನ್ನ ರೇಸ್ ಕೆಡಿಸಿದಿ ತಾತ" ಎಂದ ಗಂಗೋತ್ರಿ ಆಮೇಲೆ ನನ್ನೊಡನೆ ಮಾತಾಡಿಲ್ಲ.

ನಿಮ್ಮ ಸಾಮಾನಿನ ಕೋಣೆಯಲ್ಲಿ ಹಳೆಯ ಅಲ್ಯೂಮಿನಿಯಂ ಚಕ್ರಗಳಿವೆ, ಭಾರವಾದರೂ ಗಟ್ಟಿ. ಶನಿವಾರದೊಳಗೆ ಒಂದನ್ನು ನೀವೇ ನಿಮ್ಮ ಕೈಯಾರೆ ಜೋಡಿಸಿ ಕೊಡಬೇಕು. ಆಕೆ ಎಲ್ಲರಿಗಿಂತ ಕೊನೆಗೆ ಬರಲಿ, ನನ್ನೊಡನೆ ವರ್ಷವಿಡೀ ಮಾತು ಬಿಡಲಿ. ಕೈಕಾಲು ನೆಟ್ಟಗಿದ್ದು ಮನೆಗೆ ಬಂದರೆ ಸಾಕು.

ಇತಿ,
ಗಾದಿಲಿಂಗಪ್ಪ
ನಿವೃತ್ತ ಗ್ರಂಥಪಾಲಕ