ಕಂಬಳಿಯ ನಡುಹೊಲಿಗೆ

ವಡವಾರಾ, ಕಚ್ಛ್
17 ಸೆಪ್ಟೆಂಬರ್ 1983, ಶನಿವಾರ

ಪ್ರೀತಿಯ ಮಗಳು ಲಾಛೂ,

ಇವತ್ತು ಏಕಾದಶಿ, ಬೇಯಿಸಿದ ಗೆಣಸು ಬಿಟ್ಟರೆ ಬೇರೇನಿಲ್ಲ. ಬೆಳಗ್ಗೆ ಎಮ್ಮೆ ಕರೆದು, ಬೀದಿಯುದ್ದಕ್ಕೂ ಮಗ್ಗದ ಹಾಸಿನ ನೂಲು ಎಳೆದು ಗಂಜಿ ಬಳಿದು, ರಾಮಾಪೀರನಿಗೆ ದೀಪ ಹಚ್ಚಿ ಈಗ ಕೂತಿದ್ದೇನೆ. ಕೈಯಲ್ಲಿ ಇನ್ನೂ ಗಂಜಿಯ ಅಂಟು ಇದೆ, ಕಾಗದಕ್ಕೆ ಮೆತ್ತಿದ್ದರೆ ನಗಬೇಡ. ನಿನ್ನ ಕೆಮ್ಮು ಹೇಗಿದೆ? ಆ ಹಾಸ್ಟೆಲಿನಲ್ಲಿ ಸಜ್ಜೆ ರೊಟ್ಟಿ ಸಿಗದಿದ್ದರೆ ಬೆಲ್ಲವನ್ನಾದರೂ ತಿನ್ನು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿಮ್ಮ ಡಿಸೈನ್ ಕಾಲೇಜಿನಲ್ಲಿ ವಿನ್ಯಾಸ ಎಂದರೇನು, ಒಂದೇ ಸಾಲಿನಲ್ಲಿ ಬರೆಯಿರಿ ಎಂದು ಮೇಷ್ಟ್ರು ಕೇಳಿದ್ದು, ಅಹಮದಾಬಾದಿನ ಹುಡುಗಿಯರು ಚಕಚಕ ಬರೆದದ್ದು, ನೀನು ಬರಿ ಹಾಳೆ ಕೊಟ್ಟು ಬಂದು ಅತ್ತಿದ್ದು. ‘ಇದು ನಂಗೆ ಬರಲ್ಲಮ್ಮ, ಮನೆಗೆ ಬಂದು ನೂಲು ಸುತ್ತುತೀನಿ’ ಎಂದಿದ್ದೀಯ. ಅಲ್ಲಿನ ಮೇಷ್ಟ್ರುಗಳೇ ಅದು ಕಲೆಯೋ ಕಸುಬೋ ಎಂದು ಜಗಳವಾಡುತ್ತಾರಂತಲ್ಲ! ನಾನೂ ಇಲ್ಲಿ ಕೇಳಿ ನೋಡಿದೆ. ನಿನ್ನ ಬಾಪು ‘ಅಂಚಿನ ಹೂವು, ಮತ್ತಿನ್ನೇನು?’ ಅಂದರು. ಮಗ್ಗ ಮಾಡುವ ಬಡಗಿ ವೀರಜೀಭಾಯಿ, ‘ಮರ ಕೊಯ್ಯೋಕೆ ಮುಂಚೆ ತಲೆ ಕೆರ್ಕೋತೀವಲ್ಲ, ಅದು’ ಅಂದ. ‘ಹಂಗಾದ್ರೆ ನಿನ್ ತಲೇಲಿ ಹೇನಿದ್ದಾಗೆಲ್ಲ ಅದೇ ನಡೀತಿತ್ತು ಅನ್ನು’ ಎಂದಳು ಅವನ ಹೆಂಡತಿ. ಬಾಪು, ವೀರಜೀಭಾಯಿ ಇಬ್ಬರ ಮಾತೂ ಸುಳ್ಳಲ್ಲ, ಸಾಲದು ಅಷ್ಟೇ.

ಬಾಪುವಿನ ಆ ಅಗಲ ಕಂಬಳಿ ನೆನಪಿದೆಯಾ? ನಿನಗಾಗ ಹನ್ನೊಂದು ವರ್ಷ. ಎರಡು ಪಟ್ಟಿ ನೇಯ್ದು ನಡುವೆ ಹೊಲಿಯುವ ರಗಳೆಯೇ ಬೇಡವೆಂದು ಬಾಪು ಅಗಲ ಮಗ್ಗ ಹಾಕಿಸಿ, ಇಡೀ ಕಂಬಳಿಯನ್ನು ಒಂದೇ ಪಟ್ಟಿಯಲ್ಲಿ ನೇಯ್ದು ಬೀಗಿದ್ದರು. ಕುರಿ ಕಾಯುವ ರಬಾರಿ ರಾಣಾಕಾಕಾ ಅದನ್ನು ಹಿಂದಕ್ಕೆ ತಂದು ಹಾಕಿ, ‘ಚೆಂದ ಐತೆ, ಗೋಡೆಗೆ ತಗುಲಿ ಹಾಕ್ಕೊ. ಕುರಿ ಹಿಂದೆ ಹೋಗೋರಿಗಲ್ಲ’ ಅಂದ. ಮುದುಕನಿಗೆ ಹೊಸದು ಹಿಡಿಸದು ಎಂದು ಎಲ್ಲರೂ ನಕ್ಕೆವು. ನೀನೊಬ್ಬಳೇ ಅವನ ಹೆಗಲ ಮೇಲಿದ್ದ ಹಳೇ ಕಂಬಳಿ ಎಳೆದು ನೋಡಿದವಳು. ನಡುಭಾಗ ಸವೆದಾಗ ಅವನು ಹೊಲಿಗೆ ಬಿಚ್ಚಿ, ಸವೆದ ಅಂಚನ್ನು ಹೊರಗೆ ಹಾಕಿ, ಗಟ್ಟಿ ಅಂಚನ್ನು ನಡುವೆ ತಂದು ಮತ್ತೆ ಹೊಲಿದಿದ್ದ. ‘ಬಾಪು, ಹೊಲಿಗೆ ಇದ್ರೆ ಕಂಬಳಿಗೆ ಎರಡು ಜನ್ಮ’ ಅಂದೆ ನೀನು. ಬಾಪು ಎರಡು ದಿನ ನಿನ್ನ ಮೇಲೆ ಸಿಟ್ಟಾಗಿದ್ದು, ಮೂರನೆಯ ದಿನ ಹಳೇ ಸಣ್ಣ ಗುಂಡಿಮಗ್ಗಕ್ಕೇ ಇಳಿದರು.

ಆ ಹೊಲಿಗೆ ಯಾರದು ಹೇಳು? ನೇಯ್ದವರದೋ, ಹೊದ್ದವನದೋ, ಮಗ್ಗ ಸಣ್ಣದಾಗಿ ಕೊಯ್ದ ಬಡಗಿಯದೋ? ನನಗಂತೂ ಬಿಡಿಸಲು ಆಗುತ್ತಿಲ್ಲ. ಒಂದು ಸಾಲಿಗೆ ಸಿಗಲಿಲ್ಲ ಎಂದರೆ ನಿನಗೆ ಬರುವುದಿಲ್ಲ ಎಂದಲ್ಲ ಮಗಳೇ. ಆದರೆ ಬರಿ ಹಾಳೆ ಕೊಟ್ಟದ್ದು ತಪ್ಪು. ಈ ಹೊಲಿಗೆಯ ಕಥೆಯನ್ನೇ ಬರೆಯಬೇಕಿತ್ತು.

ರಾಮಾಪೀರ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಪೂರೀಬೆನ್

ಮರೆತಿದ್ದೆ: ಬಾಪು ನಿನ್ನನ್ನು ಕರೆತರಲು ಗಂಟು ಕಟ್ಟಿದ್ದರು, ನಾನೇ ತಡೆದೆ. ಹುಣ್ಣಿಮೆಗೆ ಉಣ್ಣೆ ವ್ಯಾಪಾರದ ಕರಸನಭಾಯಿ ಅಲ್ಲಿಗೆ ಬರುತ್ತಾನೆ. ಅವನ ಕೈಲಿ ಹೊಸ ಕಂಬಳಿಯ ಒಂದು ಪಟ್ಟಿ ಕಳಿಸಿದ್ದೇನೆ, ಇನ್ನೊಂದು ನನ್ನ ಪೆಟ್ಟಿಗೆಯಲ್ಲಿದೆ. ಮನೆಗೇ ಬರುವುದಾದರೆ ಪಟ್ಟಿಯನ್ನು ಅವನ ಕೈಲೇ ವಾಪಸ್ ಕೊಡು, ಬಾಪುವನ್ನು ಕಳಿಸುತ್ತೇನೆ, ಯಾರೂ ಬೈಯುವುದಿಲ್ಲ. ಇರುವುದಾದರೆ ಹೊದ್ದುಕೊಂಡು ಓದು. ದೀಪಾವಳಿಗೆ ಬರುವಾಗ ಪಟ್ಟಿ ತಾ, ಇಬ್ಬರೂ ಕೂತು ಎರಡನ್ನೂ ಹೊಲಿಯೋಣ. ಇರುತ್ತೀಯೋ ಬರುತ್ತೀಯೋ, ಯಾವುದೆಂದು ಬರೆದಿಡು. ಕರಸನಭಾಯಿಗೂ ಹೇಳಿದ್ದೇನೆ, ಗೇಟಿನಲ್ಲಿ ಎಷ್ಟು ಹೊತ್ತಾದರೂ ಕಾದು ನನ್ನ ಮಗಳ ಉತ್ತರ ತಂದುಕೊಡಪ್ಪಾ ಎಂದು.