ಬಾಗಿಲಿಗೆ ಹಚ್ಚಿದ ಮುಳ್ಳು

ಸಂತಪುರದ ಸಮಸ್ತ ಸಭಿಕರೇ, ಅಕ್ಕತಂಗಿಯರೇ, ಕೊನೆಯ ಸಾಲಿನಲ್ಲಿ ಕುಳಿತವರೇ, ಕಿವಿಗೊಟ್ಟು ಕೇಳಿರಿ! ಗೋರಖನಾಥ, ಹೀಗೆ ಕೂಗದೆ ನನಗೆ ಕಾಗದ ಬರೆಯಲೂ ಬರುವುದಿಲ್ಲ. ನೀನು ತೀರಿಕೊಂಡ ಮೇಲೆ ನಮ್ಮ ಬಯಲಾಟದಲ್ಲಿ ಎದುರು ನಿಂತು ಗದೆ ಎತ್ತುವ ಭೀಮನಿಲ್ಲ. ಈ ದುರ್ಯೋಧನ ಒಬ್ಬನೇ.

ಇವತ್ತು ನಿನ್ನ ಹೆಂಡತಿ ಕೇಶರಬಾಯಿ ಹೈದರಾಬಾದಿನ ಕಟ್ಟಡದ ಕೆಲಸ ಬಿಟ್ಟು ಬಂದಿದ್ದಳು. ಊರಿಗೆ ನೀರು ಕೊಡದವರಿಗೆ ಈ ಚುನಾವಣೆಯಲ್ಲಿ ಉತ್ತರ ಕೊಡಬೇಕೆಂದು ಅವಳ ಹಟ. ನೋಡಿದರೆ ಮತದಾರರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ. ಬರಗಾಲದಲ್ಲಿ ದುಡಿಯಲು ಹೋಗುವವರು ನಾಯಿ ನುಗ್ಗದಿರಲೆಂದು ಬಾಗಿಲಿಗೆ ಜಾಲಿಮುಳ್ಳು ಹಚ್ಚಿ ಹೋಗುತ್ತಾರಲ್ಲ, ಪಟ್ಟಿ ಪರಿಶೀಲಿಸಲು ಬಂದ ಹೊಸ ಅಧಿಕಾರಿ ಅದನ್ನು ಕಂಡು ಇವರು ಊರೇ ಬಿಟ್ಟರೆಂದು ಹೆಸರು ತೆಗೆಸಿದ್ದಾರೆ.

"ಮುಳ್ಳು ನಾಯಿಗಿ ಹಚ್ಚೀನ್ರಿ ಅಣ್ಣಾ, ಸರಕಾರಕ್ಕಲ್ಲ" ಎಂದು ನಕ್ಕಳು.

ನಾನೂ ನಕ್ಕೆ. ಅವಳು ನನ್ನ ಬಾಗಿಲ ಕಡೆ ನೋಡಿದಳು.

"ನಿಮ್ಮ ಮನಿ ಎದುರಿಗೇ ಅದ. ನಿಮ್ಮ ದನಿ ಔರಾದ ತನಕ ಕೇಳಸ್ತದ. ಆ ಸಾಹೇಬರಿಗಿ ಒಂದ್ ಮಾತ್ ಹೇಳಬಾರದಿತ್ತೇನ್ರಿ?"

ಅಧಿಕಾರಿ ಬಂದ ದಿನ ನಾನು ಕಟ್ಟೆಯ ಮೇಲೆಯೇ ಕುಳಿತಿದ್ದೆ, ಗೋರಖ. ದುರ್ಯೋಧನನ ಮಾತು ಬಾಯಿಪಾಠ ಮಾಡುತ್ತಿದ್ದೆ.

ಹೊಸದಾಗಿ ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ಇವಳು ಇಲ್ಲಿಯವಳೆಂದು ಯಾರಾದರೂ ಬಂದು ಹೇಳಬೇಕಂತೆ. ಮುಂಜಾನೆ ಎದ್ದು, ಅವಳು ಬಾಗಿಲ ಬದಿಗೆ ಸರಿಸಿಟ್ಟ ಆ ಮುಳ್ಳನ್ನು ನಾನೇ ದೂರ ಎಳೆದು ಹಾಕುತ್ತೇನೆ. ಮೊದಲ ಬಸ್ಸಿಗೆ ಅವಳ ಜೊತೆ ಔರಾದಕ್ಕೆ ಹೋಗಿ, ತಾಲೂಕು ಕಚೇರಿಯಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳುತ್ತೇನೆ: ಇವಳು ಸಂತಪುರದವಳು.