ಶುಕ್ರವಾರದ ಕಡಲು

ಅಮ್ಮಾ,

ಇವತ್ತು ನಮ್ಮ ಹೋಟೆಲಿನ ಕಡಲತೀರಕ್ಕೆ ಬಸ್ಮಾಳ ತಾಯಿ ಬಂದಿದ್ದರು. ಬಸ್ಮಾ ನನ್ನ ಜೊತೆ ಕೌಂಟರಿನಲ್ಲಿ ಕೂರುವ ಹುಡುಗಿ. ನೀನು ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿದವಳು. ಅವಳ ತಾಯಿ ತಫೀದಾ ಕೂಡ ನಮ್ಮ ಹಾಗೆ ನೈಲ್ ದಡದ ಕೆನಾ ಊರಿನ ಕಡೆಯವರೇ. ನಿನ್ನದೇ ಥರದ ಕಪ್ಪು ನಿಲುವಂಗಿಯಲ್ಲಿ, ಬಿಸಿಲು ಕಾಯಿಸುತ್ತಾ ಮಲಗಿದ್ದ ವಿದೇಶಿ ಹೆಂಗಸರ ನಡುವೆ ಹಾದುಹೋಗಿ ಮೊಣಕಾಲುದ್ದ ನೀರಿಗಿಳಿದು ನಿಂತರು. ಯಾರೂ ನಗಲಿಲ್ಲ. ತಿರುಗಿ ಕೂಡ ನೋಡಲಿಲ್ಲ.

ನಾನು ಟವೆಲ್ ಒಯ್ದು ಕೊಟ್ಟೆ.

"ಈ ಹುರ್ಗಾದಾ ಊರಿಗೆ ಬಂದು ಹನ್ನೊಂದು ವರ್ಷ ಆಯ್ತು ಕಣೇ. ಕಡಲ ಕಡೆ ಎಲ್ಲಿ ಹೋದ್ರೂ ಹೋಟೆಲ್ ಗೋಡೆ ಅಡ್ಡ. ಇವತ್ತು ಕಾಲಿಗೆ ನೀರು ತಾಗ್ತು," ಅಂದರು.

"ಶುಕ್ರವಾರ ಕೆಲಸದವ್ರ ಮನೇವ್ರನ್ನ ಬಿಡ್ತಾರೆ ಅಂತ ಹೇಳಿದ್ದೇ ಈ ಅಕ್ಕ," ಅಂದಳು ಜೊತೆಗಿದ್ದ ಬಸ್ಮಾ.

"ಹಂಗಾದ್ರೆ ನಿಮ್ಮಮ್ಮನ್ನ ಎಷ್ಟು ಸಲ ಕರ್ಕೊಂಡ್ ಬಂದಿರ್ತೀಯೋ," ಅಂದರು ತಫೀದಾ ನನಗೆ.

"ನಮ್ಮಮ್ಮಂಗೆ ನೀರು ಅಂದ್ರೆ ಭಯ ಇತ್ತು," ಅಂದೆ.

ಅದು ನಿನ್ನದೇ ಮಾತು. ಕಡಲಿಗೆ ಕರ್ಕೊಂಡು ಹೋಗು ಅಂತ ನೀನು ಕೇಳಿದಾಗ ನಾನು, "ಮನೆಯವರನ್ನ ಬಿಡಲ್ಲಮ್ಮಾ, ನನ್ನ ಕೆಲಸ ಹೋಗುತ್ತೆ" ಅಂದಿದ್ದೆ. ಆಗಲೂ ಶುಕ್ರವಾರ ಬಿಡುತ್ತಿದ್ದರು; ನಿನ್ನ ನಿಲುವಂಗಿ ನೋಡಿ ನಗುತ್ತಾರೆಂದು ನನಗೆ ಅಂಜಿಕೆ. ನೀನು ಎರಡನೇ ಸಲ ಕೇಳಲಿಲ್ಲ. ಪಕ್ಕದ ಮನೆಯವರು, "ಮಗಳು ಹೋಟೆಲಲ್ಲಿದ್ದಾಳೆ, ಕಡಲಿಗೆ ಹೋಗಲ್ವಾ?" ಅಂದಾಗಲೆಲ್ಲ ನೀನು, "ನಂಗೆ ನೀರು ಅಂದ್ರೆ ಭಯ" ಅಂತ ಹೇಳಿ ನಗುತ್ತಿದ್ದೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಹುಡುಗಿಯಾಗಿದ್ದಾಗ ನೀನು ನೈಲ್ ನದಿಯನ್ನು ಆಚೆ ದಡದವರೆಗೆ ಈಜುತ್ತಿದ್ದವಳು ಎಂದು ಆಗ ಪಕ್ಕದ ಮನೆಯವರಿಗೂ ನಾನು ಹೇಳಲಿಲ್ಲ, ಇವತ್ತು ತಫೀದಾ ಅವರಿಗೂ ಹೇಳಲಿಲ್ಲ.